ಮೆಂಫಿಸ್ ಮಿನ್ನಿಯನ್ನು ಬ್ಲೂಸ್ ಲೋಕ ಯಾಕೆ ಮರೆಯಿತು?

ಅಮೆರಿಕದ ಕಪ್ಪು ಜನ ಕಟ್ಟಿದ ಬ್ಲೂಸ್ ಸಂಗೀತದ ಕಥೆ ಹೇಳುವವರು ಸಾಮಾನ್ಯವಾಗಿ ಎರಡು ಚಿತ್ರ ಬಿಡಿಸುತ್ತಾರೆ. ಮೊದಲನೆಯದು 1920ರ ದಶಕದ್ದು. ರಂಗಮಂದಿರ, ಮಿರಿಮಿರಿ ಮಿಂಚುವ ಗೌನು ತೊಟ್ಟ ಗಾಯಕಿ, ಹಿಂದೆ ಪಿಯಾನೊ, ತುತ್ತೂರಿಯಂಥ ಕಾರ್ನೆಟ್. ಮಾ ರೇನಿ, ಬೆಸ್ಸಿ ಸ್ಮಿತ್ ಈ ಚಿತ್ರದವರು. ಎರಡನೆಯದು ಮಿಸಿಸಿಪಿಯ ಹತ್ತಿ ಹೊಲಗಳ ಕಡೆಯದು. ಒಬ್ಬ ಗಂಡಸು, ಹೆಗಲಿಗೆ ಗಿಟಾರ್, ಊರೂರು ಅಲೆತ. ಚಾರ್ಲಿ ಪ್ಯಾಟನ್, ರಾಬರ್ಟ್ ಜಾನ್ಸನ್ ಇಲ್ಲಿ ಬರುತ್ತಾರೆ. ಹೆಂಗಸರು ಹಾಡಿದರು, ಗಂಡಸರು ಗಿಟಾರ್ ನುಡಿಸಿದರು. ಇಷ್ಟೇ ಕಥೆ ಅನ್ನುವ ಹಾಗೆ.

ಮೆಂಫಿಸ್ ಮಿನ್ನಿ ಅಲ್ಲಿಗೂ ಸಲ್ಲಲಿಲ್ಲ, ಇಲ್ಲಿಗೂ ಸಲ್ಲಲಿಲ್ಲ. ಆಕೆ ಹೆಂಗಸು, ಆದರೆ ಗಿಟಾರ್ ಕೈಯಲ್ಲಿಲ್ಲದೆ ಹಾಡಿದವರಲ್ಲ. ಬೆಳೆದದ್ದು ಹತ್ತಿ ಹೊಲದ ಪಕ್ಕ, ಆದರೆ ಹೆಸರು ಮಾಡಿದ್ದು ಶಿಕಾಗೋ ನಗರದ ಗದ್ದಲದಲ್ಲಿ. 1929ರಿಂದ 1950ರ ದಶಕದವರೆಗೆ ಸುಮಾರು 200 ಹಾಡು ರೆಕಾರ್ಡ್ ಮಾಡಿದರು. ಜಗತ್ತೇ ಬಲ್ಲ ರಾಬರ್ಟ್ ಜಾನ್ಸನ್ ರೆಕಾರ್ಡ್ ಮಾಡಿದ್ದು 29 ಹಾಡು. ಜಾನ್ಸನ್ ದೊಡ್ಡ ಕಲಾವಿದರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿನ್ನಿಯ ಹೆಸರು ಕೇಳಿದವರು ಎಷ್ಟು ಜನ? ಆಕೆಯ ಸಂಗೀತದಲ್ಲಿ ಏನೋ ಕೊರತೆ ಇತ್ತು ಅಂತ ಇದಕ್ಕೆ ಕಾರಣ ಹೇಳೋಕೆ ಆಗುವುದಿಲ್ಲ. ಚರಿತ್ರೆ ಬರೆದವರು ಮಾಡಿಟ್ಟ ಖಾನೆಗಳಲ್ಲಿ ಇಂಥವರಿಗೆ ಜಾಗ ಇರಲಿಲ್ಲ. ನನ್ನ ಪ್ರಕಾರ ತೊಂದರೆ ಅಲ್ಲಿದೆ.

ಮಿನ್ನಿ ಏನು ಮಾಡಿದರು ಅಂತ ತಿಳಿಯಬೇಕಾದರೆ ಮೊದಲು ಬ್ಲೂಸ್ ಹಾಡು ಹೇಗೆ ಕಟ್ಟಿರುತ್ತದೆ ಅಂತ ಸ್ವಲ್ಪ ನೋಡಬೇಕು. ಕಷ್ಟ ಏನಿಲ್ಲ. ಒಂದು ಚರಣಕ್ಕೆ ಮೂರು ಸಾಲು. ಮೊದಲ ಸಾಲನ್ನೇ ಎರಡನೇ ಸಲವೂ ಹಾಡುತ್ತಾರೆ. ಮೂರನೇ ಸಾಲು ಅದಕ್ಕೆ ಉತ್ತರ. ಪ್ರತಿ ಸಾಲಿಗೆ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ಒಟ್ಟು 12 ಬಾರ್, 48 ಎಣಿಕೆ. ಇದರ ಕೆಳಗೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಮೂರೇ ಮೂರು ಕಾರ್ಡ್‌ಗಳು ಸುತ್ತುತ್ತಿರುತ್ತವೆ. ಎಲ್ಲ ಬ್ಲೂಸ್ ಹಾಡುಗಳೂ ಹೀಗೇ ಇರುತ್ತವೆ ಅಂತಲ್ಲ. ಬಹುಪಾಲು ಇದೇ ಅಚ್ಚಿನವು.

ಇಲ್ಲೊಂದು ಸ್ವಾರಸ್ಯ ಇದೆ. ಗಾಯಕಿಯ ಸಾಲು ನಾಲ್ಕು ಬಾರ್ ತುಂಬುವುದಿಲ್ಲ. ಸುಮಾರು ಅರ್ಧಕ್ಕೆ ಮಾತು ಮುಗಿಯುತ್ತದೆ. ಉಳಿದ ಅರ್ಧ ಖಾಲಿ. ಅಲ್ಲಿ ವಾದ್ಯ ಉತ್ತರ ಕೊಡಬೇಕು. ಬೆಸ್ಸಿ ಸ್ಮಿತ್ ಹಾಡುವಾಗ ಆ ಉತ್ತರ ಪಕ್ಕದಲ್ಲಿ ಕುಳಿತ ಕಾರ್ನೆಟ್‌ನವರದ್ದೋ ಪಿಯಾನೊದವರದ್ದೋ ಆಗಿರುತ್ತಿತ್ತು. ಮಿನ್ನಿ ಹಾಡುವಾಗ ಪ್ರಶ್ನೆಯೂ ಆಕೆಯದೇ, ಉತ್ತರವೂ ಆಕೆಯದೇ.

ಸ್ವರದ ವಿಷಯವೂ ಒಂದಿದೆ. ಬ್ಲೂಸ್‌ನಲ್ಲಿ ಕೆಲವು ಸ್ವರಗಳು ಇರಬೇಕಾದ ಜಾಗಕ್ಕಿಂತ ಸ್ವಲ್ಪ ಕೆಳಗೆ ಜಾರುತ್ತವೆ. ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಹೇಳುವುದಾದರೆ, ದನಿ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಹೋಗಿ ನಿಲ್ಲುತ್ತದೆ. ಪಿಯಾನೊದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ. ಗಿಟಾರ್ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಅದು ಸಿಗುತ್ತದೆ. ಮಿನ್ನಿಯ ಕೊರಳು ಎಲ್ಲಿ ಜಾರುತ್ತದೋ ತಂತಿಯೂ ಅಲ್ಲೇ ಜಾರುತ್ತದೆ.

ಆಕೆಯ ನಿಜವಾದ ಹೆಸರು ಲಿಝಿ ಡಗ್ಲಾಸ್. ಹುಟ್ಟಿದ್ದು 1897ರ ಜೂನ್ 3. ನ್ಯೂ ಆರ್ಲಿಯನ್ಸ್ ಪಕ್ಕದ ಅಲ್ಜಿಯರ್ಸ್ ತನ್ನ ಹುಟ್ಟೂರು ಅಂತ ಆಕೆ ಹೇಳಿಕೊಳ್ಳುತ್ತಿದ್ದರು. ಜನಗಣತಿಯ ಹಳೆಯ ದಾಖಲೆ ಮಿಸಿಸಿಪಿ ರಾಜ್ಯದ ಕಡೆಗೆ ಕೈ ತೋರಿಸುತ್ತದೆ. ಅಪ್ಪ ಅಮ್ಮ ಬೇರೆಯವರ ಜಮೀನಿನಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಮನೆ ತುಂಬ ಮಕ್ಕಳು, ಇವಳೇ ದೊಡ್ಡವಳು. ಲಿಝಿ ಅನ್ನುವ ಹೆಸರು ಅವಳಿಗೆ ಇಷ್ಟವೇ ಇರಲಿಲ್ಲ. ಮನೆಯಲ್ಲಿ ಎಲ್ಲರೂ ‘ಕಿಡ್’ ಅಂತ ಕರೆಯುತ್ತಿದ್ದರು. ಚಿಕ್ಕ ವಯಸ್ಸಿಗೇ ಬ್ಯಾಂಜೊ ಕಲಿತಳು, ಆಮೇಲೆ ಗಿಟಾರ್. ಮನೆಯವರು ಮಿಸಿಸಿಪಿಯ ವಾಲ್ಸ್ ಅನ್ನುವ ಊರಿಗೆ ಬಂದು ನೆಲೆಸಿದರು. ಅಲ್ಲಿಂದ ಮೆಂಫಿಸ್ ನಗರ ತೀರಾ ಹತ್ತಿರ. ಹುಡುಗಿಗೆ ಹೊಲದ ಕೆಲಸ ಬೇಡವಾಗಿತ್ತು. ಹದಿಮೂರರ ಹೊತ್ತಿಗೆ ಮನೆ ಬಿಟ್ಟು ಮೆಂಫಿಸ್‌ನ ಬೀಲ್ ಸ್ಟ್ರೀಟ್‌ಗೆ ಓಡಿಹೋಗಿದ್ದಳು.

ಬೀಲ್ ಸ್ಟ್ರೀಟ್ ಆಗ ಕಪ್ಪು ಜನರ ವ್ಯಾಪಾರ, ಮನರಂಜನೆ, ಜೂಜು, ಸಂಗೀತ ಎಲ್ಲಕ್ಕೂ ಕೇಂದ್ರ. ಬೀದಿ ಬದಿ, ಪಾರ್ಕು, ಹೋಟೆಲು, ಎಲ್ಲಿ ಜನ ನಿಂತು ಕೇಳುತ್ತಾರೋ ಅಲ್ಲಿ ನುಡಿಸಿದ್ದೇ ನುಡಿಸಿದ್ದು. ದುಡ್ಡು ಖಾಲಿಯಾದರೆ ಮತ್ತೆ ಮನೆಗೆ ಹೋಗಿ ಬರುತ್ತಿದ್ದಳು. 1910ರ ದಶಕದ ಕೊನೆಯಲ್ಲಿ ಕೆಲವು ವರ್ಷ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಜೊತೆ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿದಳು. ಸರ್ಕಸ್ಸಿನ ಗದ್ದಲದಲ್ಲಿ ಗಮನ ಸೆಳೆಯೋದು ಹೇಗೆ ಅಂತ ಅಲ್ಲಿ ಕಲಿತಿರಬೇಕು. ಹೆಂಗಸು ಒಬ್ಬಳೇ ಹೀಗೆ ಅಲೆಯುವುದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಕೈಗೆ ಸಿಕ್ಕಿದ್ದನ್ನು, ಅದು ಗಿಟಾರ್ ಆಗಲಿ, ಚಾಕು ಆಗಲಿ, ಪಿಸ್ತೂಲು ಆಗಲಿ, ಎತ್ತಿಕೊಂಡು ತಿರುಗಿ ಬೀಳುತ್ತಿದ್ದರು ಅಂತ ಆಕೆಯನ್ನು ಬಲ್ಲ ಗಿಟಾರ್ ವಾದಕ ಜಾನಿ ಶೈನ್ಸ್ ನೆನಪಿಸಿಕೊಂಡಿದ್ದಾರೆ.

1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ರೆಕಾರ್ಡ್ ಭರ್ಜರಿಯಾಗಿ ಮಾರಾಟವಾಯಿತು. ಕಪ್ಪು ಜನ ರೆಕಾರ್ಡ್ ಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಆಗ ಹೊಳೆಯಿತು. ಅವರಿಗಾಗಿಯೇ ‘ರೇಸ್ ರೆಕಾರ್ಡ್ಸ್’ ಅಂತ ಬೇರೆ ವಿಭಾಗ ಹುಟ್ಟಿತು. ಹೊಸ ದನಿ ಹುಡುಕಿಕೊಂಡು ಕಂಪನಿಯ ಜನ ದಕ್ಷಿಣಕ್ಕೆ ಬರತೊಡಗಿದರು. 1929ರಲ್ಲಿ ಹಾಗೆ ಬಂದ ಕೊಲಂಬಿಯಾ ಕಂಪನಿಯವರೊಬ್ಬರು ಬೀಲ್ ಸ್ಟ್ರೀಟ್‌ನ ಕ್ಷೌರದಂಗಡಿಯ ಮುಂದೆ ಚಿಲ್ಲರೆ ಕಾಸಿಗೆ ನುಡಿಸುತ್ತಿದ್ದ ಗಂಡ ಹೆಂಡತಿಯನ್ನು ಕಂಡರು. ಗಂಡನ ಹೆಸರು ಜೋ ಮೆಕಾಯ್. ಇಬ್ಬರನ್ನೂ ನ್ಯೂಯಾರ್ಕ್‌ಗೆ ಕರೆಸಿಕೊಂಡರು. ‘ಕಾನ್ಸಾಸ್ ಜೋ’, ‘ಮೆಂಫಿಸ್ ಮಿನ್ನಿ’ ಅನ್ನುವ ಹೆಸರುಗಳು ಕಂಪನಿಯವರು ಇಟ್ಟವು.

ಅಲ್ಲಿ ಜೂನ್ ತಿಂಗಳಲ್ಲಿ ಮುದ್ರಿಸಿದ ಹಾಡುಗಳಲ್ಲಿ ಒಂದು ‘ವೆನ್ ದ ಲೆವಿ ಬ್ರೇಕ್ಸ್’, ಅಂದರೆ ಒಡ್ಡು ಒಡೆದಾಗ. ಇದರ ಹಿಂದೆ ಎರಡು ವರ್ಷ ಹಿಂದಿನ ದೊಡ್ಡ ಅನಾಹುತ ಇದೆ. ನಮ್ಮ ಕೆರೆಗಳಿಗೆ ಏರಿ ಇರುವ ಹಾಗೆ ಮಿಸಿಸಿಪಿ ನದಿಯ ಎರಡೂ ದಡಕ್ಕೆ ಮಣ್ಣಿನ ಒಡ್ಡು ಇದೆ, ನೂರಾರು ಮೈಲಿ ಉದ್ದಕ್ಕೆ. 1927ರ ಏಪ್ರಿಲ್‌ನಲ್ಲಿ ಆ ಒಡ್ಡು ಹಲವು ಕಡೆ ಒಡೆಯಿತು. ಸುಮಾರು 70,000 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಯಿತು. ಆರು ಲಕ್ಷಕ್ಕೂ ಜಾಸ್ತಿ ಜನ ಮನೆ ಕಳೆದುಕೊಂಡರು. ಅವರಲ್ಲಿ ಕಪ್ಪು ಜನರೇ ಹೆಚ್ಚು. ಒಡ್ಡು ಗಟ್ಟಿ ಮಾಡುವ ಕೆಲಸಕ್ಕೆ ಕಪ್ಪು ಗಂಡಸರನ್ನು ಬಂದೂಕು ತೋರಿಸಿ ದುಡಿಸಿದರು. ಗ್ರೀನ್‌ವಿಲ್ ಊರಿನಲ್ಲಿ ಸಾವಿರಾರು ಸಂತ್ರಸ್ತರನ್ನು ಅದೇ ಒಡ್ಡಿನ ಮೇಲೆ ವಾರಗಟ್ಟಲೆ ಇಟ್ಟರು, ಹೊರಗೆ ಹೋಗಲು ಬಿಡಲಿಲ್ಲ. ಎಲ್ಲರೂ ಹೊರಟುಹೋದರೆ ಹೊಲದಲ್ಲಿ ದುಡಿಯೋರು ಯಾರು ಅನ್ನುವ ಲೆಕ್ಕಾಚಾರ. ನೀರು ಇಳಿದ ಮೇಲೆ ಅನೇಕರು ಉತ್ತರದ ರೈಲು ಹತ್ತಿಬಿಟ್ಟರು.

ಹಾಡು ಶುರುವಾಗುವುದು ಸರಳವಾಗಿ. ಮಳೆ ಹೀಗೇ ಸುರಿದರೆ ಒಡ್ಡು ಒಡೆಯುತ್ತದೆ ಅಂತ ಮೊದಲ ಸಾಲು. ಎರಡನೆಯದೂ ಅದೇ. ನೀರು ಬರುತ್ತದೆ, ಇರೋದಕ್ಕೆ ಜಾಗ ಇರೋದಿಲ್ಲ ಅಂತ ಮೂರನೆಯದು. ಹಾಡಿದವರು ಮಿನ್ನಿ ಅಲ್ಲ, ಜೋ. ತುಂಬ ಜನ ಇದನ್ನು ತಪ್ಪು ತಿಳಿದಿದ್ದಾರೆ. ಮಿನ್ನಿ ಇರುವುದು ಗಿಟಾರ್‌ನಲ್ಲಿ. ಜೋ ಗಿಟಾರ್ ಮೀಟುತ್ತ ಲಯ ಹಿಡಿದು ನಿಲ್ಲುತ್ತಾರೆ. ಅದರ ಮೇಲೆ ಮಿನ್ನಿಯ ಬೆರಳು ಒಂದೊಂದೇ ತಂತಿ ಎಳೆಯುತ್ತ ಓಡುತ್ತದೆ, ನಿಲ್ಲುತ್ತದೆ, ಜೋ ಮಾತು ಮುಗಿಸುವ ಮುಂಚೆಯೇ ಉತ್ತರಕ್ಕೆ ಸಜ್ಜಾಗುತ್ತದೆ. ಗಂಡ ಹಾಡು, ಹೆಂಡತಿ ಮುಖ್ಯ ವಾದಕಿ. ಆ ಕಾಲಕ್ಕೆ ಇದು ತಲೆಕೆಳಗಾದ ಲೆಕ್ಕ.

ಮರುವರ್ಷ ಆಕೆಯೇ ಹಾಡಿದ ‘ಬಂಬಲ್ ಬೀ’ ದೊಡ್ಡ ಹಿಟ್ ಆಯಿತು. ದುಂಬಿಯ ನೆಪದಲ್ಲಿ ಪ್ರಣಯದ ಪೋಲಿ ಹಾಡು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ 1930ರ ‘ಮೆಂಫಿಸ್ ಮಿನ್ನಿ-ಜೈಟಿಸ್ ಬ್ಲೂಸ್’. ಮೆದುಳುಜ್ವರದ ಮೇಲಿನ ಹಾಡು ಇದು, ಹೌದು, ಮೆನಿಂಜೈಟಿಸ್. ಶನಿವಾರ ರಾತ್ರಿ ಮನೆಗೆ ಬಂದು ಮಲಗುತ್ತಾಳೆ. ಬೆಳಗಿನ ಜಾವಕ್ಕೆ ಕಾಯಿಲೆ ಮೈಮೇಲೆ ಹರಿದು ಬರುತ್ತದೆ. ತಲೆ, ಕತ್ತು ನೋವು, ಬೆನ್ನು ಎರಡು ತುಂಡಾಗುವ ಹಾಗೆ. ಗಂಡ ಡಾಕ್ಟರ ಹತ್ತಿರ ಕರೆದೊಯ್ದು ಏನು ಕಾಯಿಲೆ ಅಂತ ಕೇಳುತ್ತಾನೆ. ಡಾಕ್ಟರು ತಲೆ ಅಲ್ಲಾಡಿಸುತ್ತಾರೆ, ಹೇಳೋಕೆ ಆಗೋದಿಲ್ಲ, ಬೇಗ ಸರ್ಕಾರಿ ಆಸ್ಪತ್ರೆಗೆ ಒಯ್ಯಿ ಅನ್ನುತ್ತಾರೆ. ಆಸ್ಪತ್ರೆ ತಲುಪಿದಾಗ ಗಡಿಯಾರ ಹತ್ತು ಹೊಡೆಯುತ್ತಿದೆ. ಈ ನಗುಮುಖ ಇನ್ನು ನೋಡೋಕೆ ಸಿಗೋದಿಲ್ಲ ಅಂತ ಗಂಡ ಹೇಳುವುದು ಅವಳ ಕಿವಿಗೆ ಬೀಳುತ್ತದೆ. ಎಲ್ಲಿಯೂ ಅತ್ತು ಕರೆಯುವುದಿಲ್ಲ ಮಿನ್ನಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತ ಹೋಗುತ್ತಾರೆ, ಗಿಟಾರ್ ಲಯ ಒಂದಿಷ್ಟೂ ಅಳುಕುವುದಿಲ್ಲ. ಆ ಕಾಲದ ರೆಕಾರ್ಡಿನ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಜಾಗ. ಆ ಮೂರು ನಿಮಿಷದಲ್ಲಿ ರೋಗಿ, ಗಂಡ, ಡಾಕ್ಟರು, ಆಸ್ಪತ್ರೆ, ಗಡಿಯಾರ, ಎಲ್ಲ ಇದೆ.

ದಂಪತಿ ಶಿಕಾಗೋಗೆ ಹೋದರು. ಅದು ಆರ್ಥಿಕ ಕುಸಿತದ ಕಾಲ. ರೆಕಾರ್ಡ್ ಉದ್ಯಮ ನೆಲ ಕಚ್ಚಿತ್ತು. ಬೆಸ್ಸಿ ಸ್ಮಿತ್ ಅಂಥವರನ್ನೇ 1931ರಲ್ಲಿ ಕೊಲಂಬಿಯಾ ಕೈಬಿಟ್ಟಿತು. ಮಿನ್ನಿಯ ರೆಕಾರ್ಡ್‌ಗಳು ಮಾತ್ರ ಬರುತ್ತಲೇ ಇದ್ದವು. ವೊಕಾಲಿಯನ್, ಡೆಕ್ಕಾ, ಬ್ಲೂಬರ್ಡ್, ಒಕೆ ಹೀಗೆ ಕಂಪನಿ ಬದಲಾದವು. 1930ರ ದಶಕದ ಮಧ್ಯದಲ್ಲಿ ಜೋ ಜೊತೆಗಿನ ಮದುವೆ ಮುರಿಯಿತು. ಆಮೇಲೆ ಪಿಯಾನೊ, ಬಾಸ್, ಕೆಲವು ಸಲ ಟ್ರಂಪೆಟ್ ಇಟ್ಟುಕೊಂಡು ಹಾಡಿದರು. ದಶಕದ ಕೊನೆಗೆ ಅರ್ನೆಸ್ಟ್ ಲಾಲರ್ಸ್ ಅನ್ನುವ ಗಿಟಾರ್ ವಾದಕರನ್ನು ಮದುವೆಯಾಗಿ ಮತ್ತೆ ಜೋಡಿ ಗಿಟಾರ್‌ಗೆ ಬಂದರು. ಲಿಟಲ್ ಸನ್ ಜೋ ಅಂತ ಅವರನ್ನು ಕರೆಯುತ್ತಿದ್ದರು. ಶೈಲಿ ಬದಲಾಗುತ್ತಲೇ ಹೋಯಿತು. ಕೇಳುವ ಜನ ಎಲ್ಲಿ ಹೋದರೋ ಮಿನ್ನಿ ಒಂದು ಹೆಜ್ಜೆ ಮುಂಚೆ ಅಲ್ಲಿದ್ದರು.

ಶಿಕಾಗೋದ ಗಿಟಾರ್ ವಾದಕರಲ್ಲಿ ಆಗ ಬಿಗ್ ಬಿಲ್ ಬ್ರೂನ್ಜಿ ಅಂದರೆ ದೊಡ್ಡ ಹೆಸರು. ಮಿನ್ನಿ ಜೊತೆ ತಮಗೆ ಪಂದ್ಯ ಏರ್ಪಟ್ಟಿತ್ತು ಅಂತ ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಬಹುಮಾನ ಒಂದು ಬಾಟಲಿ ವಿಸ್ಕಿ, ಒಂದು ಬಾಟಲಿ ಜಿನ್. ಗೆದ್ದದ್ದು ಮಿನ್ನಿ. ತೀರ್ಪುಗಾರರು ಆಕೆಯನ್ನು ಹೊತ್ತು ಕುಣಿಯುತ್ತಿದ್ದಾಗ ಬ್ರೂನ್ಜಿ ವಿಸ್ಕಿ ಬಾಟಲಿ ಎತ್ತಿಕೊಂಡು ಓಡಿದರಂತೆ. ಇದು 1933ರ ಮಾತು ಅನ್ನುತ್ತಾರೆ, ಆದರೆ ಮಿನ್ನಿ ಅಂದು ಹಾಡಿದರು ಅಂತ ಹೇಳುವ ಹಾಡು ರೆಕಾರ್ಡ್ ಆದದ್ದು 1941ರಲ್ಲಿ. ಹಾಗಾಗಿ ವಿವರಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ನನಗೆ ಮುಖ್ಯ ಅನ್ನಿಸುವುದು ಇಷ್ಟು: ಹೆಸರು ಮಾಡಿದ ಗಂಡಸೊಬ್ಬರು ತಾನು ಹೆಂಗಸಿನೆದುರು ಸೋತೆ ಅಂತ ತಾವಾಗಿಯೇ ಬರೆದಿಟ್ಟರು. ಸುಮ್ನೆ ಯಾರೂ ಅಂಥದ್ದನ್ನು ಬರೆಯುವುದಿಲ್ಲ. ಮಿನ್ನಿ ಗಿಟಾರನ್ನು ಅಳಿಸಬಲ್ಲರು, ಮಾತಾಡಿಸಬಲ್ಲರು, ಸಿಳ್ಳೆ ಹಾಕಿಸಬಲ್ಲರು ಅನ್ನುವುದು ಅವರದೇ ಅಭಿಪ್ರಾಯ.

ಆ 1941ರ ಹಾಡು ‘ಮಿ ಅಂಡ್ ಮೈ ಶೋಫರ್ ಬ್ಲೂಸ್’. ಆಕೆಯ ಅತಿ ಜನಪ್ರಿಯ ಹಾಡುಗಳಲ್ಲಿ ಒಂದು. ಹೆಣ್ಣೊಬ್ಬಳು ತನಗೊಬ್ಬ ಡ್ರೈವರ್ ಬೇಕು ಅನ್ನುತ್ತಾಳೆ. ಅವನಿಗೆ ಹೊಚ್ಚ ಹೊಸ ವಿ-8 ಫೋರ್ಡ್ ಕೊಡಿಸುತ್ತಾಳಂತೆ, ಬೇರೆ ಯಾರನ್ನೂ ಅವನು ಹತ್ತಿಸಿಕೊಳ್ಳಬಾರದು. ಬೇರೆ ಹುಡುಗಿಯರನ್ನು ಕೂರಿಸಿಕೊಂಡು ಸುತ್ತಿದರೆ ಪಿಸ್ತೂಲಿನಿಂದ ಉಡಾಯಿಸುತ್ತಾಳಂತೆ. ಡ್ರೈವಿಂಗ್ ಅಂದರೆ ಬರೀ ಡ್ರೈವಿಂಗ್ ಅಲ್ಲ ಅಂತ ಕೇಳುವವರಿಗೆಲ್ಲ ಗೊತ್ತು. ಆದರೆ ಇದನ್ನು ಬರೀ ದ್ವಂದ್ವಾರ್ಥ ಅಂತ ತಳ್ಳಿಹಾಕಬೇಡಿ. ಅದೇ ಕಾಲದಲ್ಲಿ ಶಿಕಾಗೋದ ಕಪ್ಪು ಹೆಂಗಸರಲ್ಲಿ ಬಹಳಷ್ಟು ಜನ ಬಿಳಿಯರ ಮನೆಗೆಲಸ ಮಾಡಿಕೊಂಡಿದ್ದರು. ಅವರು ಕೇಳುವ ಹಾಡಿನಲ್ಲಿ ಕಾರಿನ ದುಡ್ಡು ಹೆಣ್ಣಿನದು, ಕೆಲಸಕ್ಕೆ ಇಟ್ಟುಕೊಳ್ಳುವವಳು ಅವಳು, ಷರತ್ತು ಹಾಕುವವಳೂ ಅವಳೇ.

ಇಷ್ಟರಲ್ಲಿ ಮಿನ್ನಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗಿತ್ತು. ಆಕೆ ಹೇಗೆ ನುಡಿಸುತ್ತಿದ್ದರು ಅನ್ನುವುದಕ್ಕೆ ಒಂದು ಅಪರೂಪದ ಸಾಕ್ಷಿ ಇದೆ. 1942ರ ಕೊನೆಯ ರಾತ್ರಿ ಕವಿ ಲ್ಯಾಂಗ್ಸ್ಟನ್ ಹ್ಯೂಸ್ ಶಿಕಾಗೋದ 230 ಕ್ಲಬ್‌ನಲ್ಲಿದ್ದರು. ಮುಂದಿನ ವಾರ ‘ಶಿಕಾಗೋ ಡಿಫೆಂಡರ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಂಡದ್ದನ್ನು ಬರೆದರು. ಹೊಗೆ ತುಂಬಿದ ಕ್ಲಬ್ಬಿನಲ್ಲಿ ಮಿನ್ನಿ ಐಸ್‌ಬಾಕ್ಸ್ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಒಬ್ಬ ಡ್ರಮ್ ವಾದಕ. ತೆಳ್ಳನೆಯ ಮೈ, ಕನ್ನಡಕ. ನೋಡಿದರೆ ಪುಸ್ತಕ ತೆಗೆಯಿರಿ ಮಕ್ಕಳೇ ಅನ್ನುವ ಸ್ಕೂಲ್ ಟೀಚರ್. ನಕ್ಕರೆ ಚಿನ್ನದ ಹಲ್ಲು ಹೊಳೆಯುತ್ತದೆ. ಹೈ ಹೀಲ್ಸ್ ಹಾಕಿದ ಕಾಲು ತಾಳ ಕುಟ್ಟುತ್ತದೆ. ಆದರೆ ಗಿಟಾರ್ ಸದ್ದು ವೆಲ್ಡಿಂಗ್ ಯಂತ್ರ, ಉಕ್ಕಿನ ಕಾರ್ಖಾನೆಯ ಸದ್ದು. ಜನ ಕೂಗುತ್ತಾರೆ, ಕುಣಿಯುತ್ತಾರೆ. ಕ್ಲಬ್ ನಡೆಸುವವರು ಕಪ್ಪು ಜನ ಅಲ್ಲ. ಅವರು ಮಾತ್ರ ನಗುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ, ಹೆಂಡದ ಕೌಂಟರಿನಲ್ಲಿ ನಿಂತು ದುಡ್ಡು ಎಣಿಸುತ್ತಿದ್ದಾರೆ.

ಎಲೆಕ್ಟ್ರಿಕ್ ಶಿಕಾಗೋ ಬ್ಲೂಸ್ ಅಂದ ಕೂಡಲೇ ಮಡ್ಡಿ ವಾಟರ್ಸ್ ಹೆಸರು ಬರುತ್ತದೆ. ಅದು ನ್ಯಾಯವೇ. ಆದರೆ ಅವರು ಮಿಸಿಸಿಪಿ ಬಿಟ್ಟು ಶಿಕಾಗೋಗೆ ಬಂದದ್ದು 1943ರಲ್ಲಿ. ಹ್ಯೂಸ್ ಕೇಳಿದ ಆ ಕಾರ್ಖಾನೆಯ ಸದ್ದು ಅದಕ್ಕೂ ಮೊದಲಿನದು. ಹಳ್ಳಿಯ ಬ್ಲೂಸ್‌ನಿಂದ ಎಲೆಕ್ಟ್ರಿಕ್ ಬ್ಲೂಸ್‌ಗೆ ಹೋದ ದಾರಿಯನ್ನು ಒಂದೇ ಜೀವನದಲ್ಲಿ ನೋಡಬೇಕೆಂದರೆ ಮಿನ್ನಿಯ ರೆಕಾರ್ಡ್‌ಗಳನ್ನು ವರ್ಷದ ಪ್ರಕಾರ ಕೇಳಿದರೆ ಸಾಕು.

ಹಾಗಿದ್ದರೂ ಮರೆವು ಹೇಗೆ ಬಂತು? ಯುದ್ಧದ ನಂತರ ಜನರ ರುಚಿ ಬದಲಾಯಿತು. ದೊಡ್ಡ ಬ್ಯಾಂಡು, ಜೋರು ಡ್ರಮ್ಮು, ಹೊಸ ಹುಡುಗರು. 1950ರ ದಶಕದ ಆರಂಭದಲ್ಲಿ ಮಿನ್ನಿ ಸಣ್ಣ ಕಂಪನಿಗಳಿಗೆ ಕೆಲವು ಹಾಡು ಕೊಟ್ಟರು, ಓಡಲಿಲ್ಲ. 1957ರ ಹೊತ್ತಿಗೆ ಗಂಡನ ಜೊತೆ ಮೆಂಫಿಸ್‌ಗೆ ವಾಪಸ್ಸಾದರು. ಕೈಯಲ್ಲಿ ದುಡ್ಡಿರಲಿಲ್ಲ. ಆಗಿನ ಪದ್ಧತಿಯಲ್ಲಿ ಬ್ಲೂಸ್ ಕಲಾವಿದರಿಗೆ ಹಾಡಿಗೆ ಇಷ್ಟು ಅಂತ ಒಂದೇ ಸಲ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ಎಷ್ಟು ಸಾವಿರ ರೆಕಾರ್ಡ್ ಮಾರಿದರೂ ಹೆಚ್ಚಿನವರಿಗೆ ಬಿಡಿಗಾಸು ಬರುತ್ತಿರಲಿಲ್ಲ. 1960ರಲ್ಲಿ ಮಿನ್ನಿಗೆ ಪಾರ್ಶ್ವವಾಯು ಹೊಡೆಯಿತು. ಗಾಲಿಕುರ್ಚಿಯ ಬದುಕು. ಮರುವರ್ಷ ಗಂಡ ತೀರಿಕೊಂಡರು.

ಕಾಲ ಎಷ್ಟು ಕ್ರೂರ ನೋಡಿ. 1960ರ ದಶಕದ ಮೊದಲ ವರ್ಷಗಳಲ್ಲೇ ಹಳೆಯ ಬ್ಲೂಸ್ ಮೇಲೆ ಬಿಳಿಯ ಯುವಕರಿಗೆ ಹುಚ್ಚು ಪ್ರೀತಿ ಹುಟ್ಟಿತು. ಹಳೆಯ ರೆಕಾರ್ಡ್ ಹಿಡಿದುಕೊಂಡು ಅವರು ಮಿಸಿಸಿಪಿಗೆ ಹುಡುಕಿಕೊಂಡು ಹೋದರು. 1963ರಲ್ಲಿ ಮಿಸಿಸಿಪಿ ಜಾನ್ ಹರ್ಟ್ ಸಿಕ್ಕಿದರು. 1964ರಲ್ಲಿ ಸ್ಕಿಪ್ ಜೇಮ್ಸ್ ಸಿಕ್ಕಿದರು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸನ್ ಹೌಸ್ ಸಿಕ್ಕಿದರು. ಅವರೆಲ್ಲ ಮತ್ತೆ ವೇದಿಕೆ ಹತ್ತಿದರು, ಹೊಸ ರೆಕಾರ್ಡ್ ಮಾಡಿದರು, ಯುರೋಪ್ ಸುತ್ತಿದರು. ಮಿನ್ನಿಯ ಕೈ ಆಗ ಗಿಟಾರ್ ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಆ ಯುವಕರು ಹುಡುಕುತ್ತಿದ್ದದ್ದು ಎರಡನೇ ಚಿತ್ರವನ್ನು, ಹೊಲದ ಪಕ್ಕದ ಒಂಟಿ ಗಂಡಸನ್ನು. ನಗರದ ಕ್ಲಬ್ಬುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿ, ಹಿಟ್ ಹಾಡು ಕೊಟ್ಟ ಹೆಂಗಸು ಅವರ ಕಣ್ಣಿಗೆ ಅಷ್ಟು ಶುದ್ಧ ಅನ್ನಿಸಲಿಲ್ಲ. ಶುದ್ಧ ಅಶುದ್ಧದ ಈ ಲೆಕ್ಕ ಮಿನ್ನಿಗೆ ಮಾಡಿದಷ್ಟು ಅನ್ಯಾಯ ಬಹಳ ಕಡಿಮೆ ಜನರಿಗೆ ಮಾಡಿದೆ ಅಂತ ನನಗೆ ಅನ್ನಿಸುತ್ತದೆ.

1971ರಲ್ಲಿ ಬ್ರಿಟನ್ನಿನ ಲೆಡ್ ಝೆಪಲಿನ್ ಬ್ಯಾಂಡ್ ‘ವೆನ್ ದ ಲೆವಿ ಬ್ರೇಕ್ಸ್’ ಹಾಡನ್ನು ಏಳು ನಿಮಿಷದ ಭಾರೀ ರಾಕ್ ಹಾಡಾಗಿ ಮಾಡಿತು. ಆ ಆಲ್ಬಮ್ ಕೋಟಿಗಟ್ಟಲೆ ಮಾರಾಟವಾಗಿದೆ. ಹಾಡು ಕಟ್ಟಿದವರ ಪಟ್ಟಿಯಲ್ಲಿ ಬ್ಯಾಂಡಿನ ನಾಲ್ವರ ಜೊತೆ ಮೆಂಫಿಸ್ ಮಿನ್ನಿ ಹೆಸರಿದೆ. ಮೊದಲು ಹಾಡಿದ ಕಾನ್ಸಾಸ್ ಜೋ ಹೆಸರು ಇಲ್ಲ. ಆ ಹೊತ್ತಿಗೆ ಮಿನ್ನಿ ಇನ್ನೂ ಬದುಕಿದ್ದರು, ಕಾಯಿಲೆಯಲ್ಲಿ, ಬಡತನದಲ್ಲಿ, ಮೆಂಫಿಸ್‌ನಲ್ಲಿ. ಆಕೆಯ ಕಷ್ಟ ಸಂಗೀತ ಪತ್ರಿಕೆಗಳಲ್ಲಿ ಓದಿ ಅಭಿಮಾನಿಗಳು ಕಳಿಸುತ್ತಿದ್ದ ಹಣ ಅಷ್ಟಿಷ್ಟು ನೆರವಾಗುತ್ತಿತ್ತು. 1973ರ ಆಗಸ್ಟ್ 6ರಂದು ತೀರಿಕೊಂಡರು. ವಾಲ್ಸ್ ಊರಿನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿದರು.

1980ರಲ್ಲಿ ದೊಡ್ಡ ಬ್ಲೂಸ್ ಕಲಾವಿದರನ್ನು ಗೌರವಿಸುವ ಬ್ಲೂಸ್ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ ವರ್ಷದ ಪಟ್ಟಿಯಲ್ಲೇ ಆಕೆಯನ್ನು ಸೇರಿಸಿದರು. ಸಮಾಧಿಗೆ ಒಂದು ಸರಿಯಾದ ಕಲ್ಲು ಬರೋಕೆ ಮಾತ್ರ 1996ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ದುಡ್ಡು ಕೊಟ್ಟವರು ಗಾಯಕಿ ಬಾನಿ ರೈಟ್. ಅವರೂ ಗಿಟಾರ್ ಹಿಡಿದೇ ಬ್ಲೂಸ್ ಹಾಡುವವರು.

ಕೇಳೋಕೆ ಶುರು ಮಾಡುವವರಿಗೆ ನನ್ನ ಸಲಹೆ: ಮೊದಲು 1929ರ ‘ವೆನ್ ದ ಲೆವಿ ಬ್ರೇಕ್ಸ್’, ಇಯರ್‌ಫೋನ್ ಹಾಕಿಕೊಂಡು. ಹಳೆಯ ರೆಕಾರ್ಡಿನ ಕರಕರ ಸದ್ದಿಗೆ ಒಂದು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಆಗ ಎರಡು ಗಿಟಾರ್ ಬೇರೆ ಬೇರೆಯಾಗಿ ಕೇಳಿಸತೊಡಗುತ್ತವೆ. ಆಮೇಲೆ ಮೆದುಳುಜ್ವರದ ಹಾಡು, ಆಮೇಲೆ ಡ್ರೈವರ್ ಹಾಡು. ಕೊನೆಗೆ 1941ರದೇ ‘ಇನ್ ಮೈ ಗರ್ಲಿಶ್ ಡೇಸ್’ ಬಿಡಬೇಡಿ. ಮನೆ ಬಿಟ್ಟು ಓಡಿದ ಹುಡುಗಿಯ ಕಥೆ ಅದು. ಅಮ್ಮ ಅಳುತ್ತಾಳೆ, ಅಪ್ಪನೂ ಅಳುತ್ತಾನೆ. ಜೇಬಿನಲ್ಲಿ ಕಾಸಿಲ್ಲದೆ ರೈಲಿಗೆ ಕೈ ಅಡ್ಡ ಹಿಡಿಯುತ್ತಾಳೆ, 1917ರ ಕಡು ಚಳಿಯಲ್ಲಿ ಹೆದ್ದಾರಿಗೆ ಬಂದು ಟ್ರಕ್ ಹತ್ತುತ್ತಾಳೆ. ಆಗ ನನಗೇನೂ ತಿಳಿಯುತ್ತಿರಲಿಲ್ಲ ಅಂತ ಪ್ರತಿ ಚರಣದ ಕೊನೆಗೂ ಹೇಳುತ್ತಾಳೆ. ಕೊನೆಯ ಚರಣದಲ್ಲಿ ಮಾತ್ರ ಸಾಲು ತಿರುಗುತ್ತದೆ: ಈಗ ಎಲ್ಲ ತಿಳಿದಿದೆ, ಆದರೂ ಆ ಹುಡುಗಾಟ ಇನ್ನೂ ಬಿಟ್ಟಿಲ್ಲ.